ಸಾಧಕನ ಸೈಕಲ್ ಮತ್ತು ಭಕ್ತರ ಹುಗ್ಗಿ

ಜಂಗಮ ಎಂಬ ಶಬ್ದಕ್ಕೆ ಚಲಿಸುವುದು, ಒಂದೆಡೆ ನಿಲ್ಲದೆ ಸಂಚರಿಸುವುದು ಎಂಬ ಅರ್ಥವಿದೆ. ಅಷ್ಟಾವರಣಗಳಲ್ಲಿ ಗುರು, ಲಿಂಗಗಳ ಬಳಿಕ ಬರುವ ಪೂಜ್ಯಸ್ಥಾನ ಜಂಗಮನದು. ಜೋಳಿಗೆ ಹಿಡಿದು ಊರಿಂದೂರಿಗೆ ನಡೆದು, ಭಕ್ತರ ಅಂಗಳದಲ್ಲಿ ನಿಂತು ಕಂತಿಭಿಕ್ಷೆ ಸ್ವೀಕರಿಸಿ, ಅರಿವಿನ ನಾಲ್ಕು ಮಾತುಗಳನ್ನಾಡಿ ಮುಂದಿನ ಊರಿಗೆ ಸಾಗುವುದು ಅವನ ಧರ್ಮವಾಗಿತ್ತು. ಅವನ ದೇಹಾರೋಗ್ಯವನ್ನು ಕುರಿತು ಹಿಂದಿನವರು ಪ್ರತ್ಯೇಕವಾಗಿ ಚಿಂತಿಸಬೇಕಾದ ಪ್ರಸಂಗವೇ ಬರಲಿಲ್ಲ. ದಿನಕ್ಕೆ ಎರಡು ಮೂರು ಹರದಾರಿ ನಡೆಯುವವನಿಗೆ ಉಂಡದ್ದೆಲ್ಲ ಅರಗುತ್ತಿತ್ತು.

ಇಂದಿನ ಸಾಧಕನ ದಿನಚರಿ ಬೇರೆ. ಬೆಳಗಿನ ನಾಲ್ಕೂವರೆಗೆ ಎದ್ದು ಸ್ನಾನ ಮುಗಿಸಿ, ವಿಭೂತಿ ಧರಿಸಿ, ಇಷ್ಟಲಿಂಗ ಪೂಜೆಗೆ ಕುಳಿತರೆ ಒಂದೂವರೆ ತಾಸು. ಅನಂತರ ಸಂಸ್ಕೃತ ಪಾಠ, ವಚನ ಸಾಹಿತ್ಯದ ಪಾಠ, ಕಾಲೇಜಿನ ಅಭ್ಯಾಸ. ಸಂಜೆ ಮತ್ತೆ ಪೂಜೆ, ಮತ್ತೆ ಓದು. ಲೆಕ್ಕ ಹಾಕಿದರೆ ದಿನದ ಒಂಬತ್ತು ಹತ್ತು ತಾಸುಗಳು ಕುಳಿತಲ್ಲಿಯೇ ಕಳೆಯುತ್ತವೆ. ಭಕ್ತರ ಮನೆಗೆ ಹೋಗಬೇಕಾದರೆ ಬಾಗಿಲಿಗೆ ಕಾರು ಬಂದು ನಿಲ್ಲುತ್ತದೆ. ಹೆಸರು ಜಂಗಮವಾದರೂ ಬದುಕು ಸ್ಥಾವರವಾಗಿದೆ. ಬಾಗಲವಾಡದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ವಟುವಾಗಿ ಮಠದ ಪಾಠಶಾಲೆಯನ್ನು ಸೇರಿದ ನಾನೂ ಈ ಬಗೆಯ ಬದುಕಿನಲ್ಲಿಯೇ ಬೆಳೆದವನು. ಶ್ರಾವಣಮಾಸದ ಪ್ರವಚನಕ್ಕೆಂದು ಕವಿತಾಳ, ಸಿರವಾರದ ಸುತ್ತಿನ ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಹೋಗತೊಡಗಿದ ಬಳಿಕ ಕಂಡುಕೊಂಡ ಕೆಲವು ಸಂಗತಿಗಳನ್ನು ಸದ್ಭಕ್ತರ ಮುಂದಿಡುತ್ತೇನೆ.

ಕುಳಿತು ಪೂಜಿಸುವುದು ದೋಷವೆಂದು ಯಾರೂ ಭಾವಿಸಬಾರದು. ಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತ ಆ ಒಂದೂವರೆ ತಾಸು ಸಾಧಕನ ಪ್ರಾಣ. ಆದರೆ ದೇಹಕ್ಕೆ ಅದರದೇ ಆದ ನಿಯಮಗಳಿವೆ. ಮೊಣಕಾಲಿನ ಹೊರಬದಿಯಲ್ಲಿ, ಚರ್ಮದ ತೀರ ಕೆಳಗೆ, ಎಲುಬಿಗೆ ಅಂಟಿಕೊಂಡಂತೆ ಒಂದು ನರ ಹಾದುಹೋಗುತ್ತದೆ. ಪದ್ಮಾಸನದಲ್ಲಿ ಬಹಳ ಹೊತ್ತು ಕದಲದೆ ಕುಳಿತಾಗ ಅದು ಒತ್ತಿ ಕಾಲು ಜೋಮು ಹಿಡಿಯುತ್ತದೆ. ಮೀನಖಂಡದ ಸ್ನಾಯುಗಳು ಕುಗ್ಗಿ ಹಿಗ್ಗುವಾಗಲೇ ಕಾಲಿನ ಅಶುದ್ಧರಕ್ತ ಮೇಲೆ ಹೃದಯದತ್ತ ತಳ್ಳಲ್ಪಡುತ್ತದೆ. ಅವು ಸುಮ್ಮನಿದ್ದರೆ ಪಾದಗಳಲ್ಲಿ ಬಾವು ಬರುತ್ತದೆ. ಹಾನಗಲ್ಲ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದಾಗ ಅಲ್ಲಿ ಪಾಠದೊಡನೆ ಯೋಗಾಭ್ಯಾಸವಿತ್ತು, ಗೋಶಾಲೆಯಿತ್ತು, ಗೋಮಯದಿಂದ ವಿಭೂತಿ ತಯಾರಿಸುವ ಕಾಯಕವಿತ್ತು. ದನ ಮೇಯಿಸುವವನಿಗೂ ಸಗಣಿ ಹೊರುವವನಿಗೂ ವ್ಯಾಯಾಮದ ಪಾಠವನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ಅಂಥ ಕಾಯಕವು ಪಾಠಶಾಲೆಗಳಿಂದ ಮರೆಯಾದಷ್ಟೂ ಕಾಯಿಲೆ ಹತ್ತಿರವಾಗುತ್ತದೆ.

ನನಗೆ ಸಂಸ್ಕೃತ ಪಾಠ ಹೇಳಿದ ಹಿರಿಯ ಸ್ವಾಮಿಗಳೊಬ್ಬರಿಗೆ ಹಲವು ವರ್ಷಗಳಿಂದ ಮಧುಮೇಹವಿತ್ತು. ಅವರು ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಪ್ರಸಾದದ ವಿಷಯದಲ್ಲಿ ಭಕ್ತರ ಮನಸ್ಸನ್ನು ನೋಯಿಸುತ್ತಿರಲಿಲ್ಲ. ಒಂದು ಸೋಮವಾರ ಭಕ್ತರ ಮನೆಯಲ್ಲಿ ಪಾದಪೂಜೆ ನಡೆದಿತ್ತು. ಪಾದಕ್ಕೆ ನೀರು ಹಾಕಿ ತೊಳೆಯುತ್ತಿದ್ದ ತಾಯಿಯೊಬ್ಬರ ಕೈ ತಟ್ಟನೆ ನಿಂತಿತು. ಕಿರುಬೆರಳಿನ ಸಂದಿನಲ್ಲಿ ಹುಣ್ಣಾಗಿ ಕೀವು ತುಂಬಿತ್ತು. ಅದು ಎಷ್ಟು ದಿನಗಳಿಂದ ಇತ್ತೆಂಬುದು ಸ್ವಾಮಿಗಳಿಗೇ ತಿಳಿದಿರಲಿಲ್ಲ, ಏಕೆಂದರೆ ಅವರಿಗೆ ನೋವೇ ಆಗಿರಲಿಲ್ಲ. ರಕ್ತದಲ್ಲಿ ಸಕ್ಕರೆ ಬಹುಕಾಲ ಹೆಚ್ಚಾಗಿಯೇ ಉಳಿದರೆ ಪಾದದ ನರಗಳು ಮಂದವಾಗುತ್ತವೆ. ಮುಳ್ಳು ಚುಚ್ಚಿದರೂ ಹಾವುಗೆ ಕಚ್ಚಿದರೂ ಅರಿವಾಗುವುದಿಲ್ಲ. ಕೊನೆಗೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಯಾವ ಪಾದವನ್ನು ಭಕ್ತರು ಹಣೆಗೊತ್ತಿಕೊಳ್ಳುತ್ತಿದ್ದರೋ ಆ ಪಾದವನ್ನು ಯಾರೂ ನೋಡಿರಲಿಲ್ಲ. ನನ್ನ ಸೈಕಲ್ಲಿನ ಸಂಚಾರ ಆರಂಭವಾದದ್ದು ಆ ವರ್ಷದಲ್ಲಿಯೇ.

ದುಡಿಯುವ ಸ್ನಾಯುವಿಗೂ ಸಕ್ಕರೆಗೂ ಇರುವ ಸಂಬಂಧವನ್ನು ಇಲ್ಲಿ ಹೇಳಬೇಕು. ನಾವು ಉಂಡ ಅನ್ನ, ರೊಟ್ಟಿ, ಬೆಲ್ಲಗಳೆಲ್ಲ ಕೊನೆಗೆ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತವೆ. ಅದು ಜೀವಕೋಶಗಳೊಳಗೆ ಹೋಗಲು ಸಾಮಾನ್ಯವಾಗಿ ಇನ್ಸುಲಿನ್ ಬೇಕು. ಮಧುಮೇಹದಲ್ಲಿ ಇನ್ಸುಲಿನ್ ಸಾಲದಾಗುತ್ತದೆ, ಇಲ್ಲವೆ ಅದರ ಮಾತನ್ನು ಕೋಶಗಳು ಕೇಳದಾಗುತ್ತವೆ. ಆದರೆ ಕೆಲಸದಲ್ಲಿ ತೊಡಗಿದ ಸ್ನಾಯು ಇನ್ಸುಲಿನ್ನಿನ ಹಂಗಿಲ್ಲದೆಯೂ ರಕ್ತದಿಂದ ಸಕ್ಕರೆಯನ್ನು ಒಳಗೆಳೆದುಕೊಳ್ಳುತ್ತದೆ. ಒಮ್ಮೆ ಚೆನ್ನಾಗಿ ದುಡಿದ ಸ್ನಾಯು ಮುಂದಿನ ಒಂದೆರಡು ದಿನ ಇನ್ಸುಲಿನ್ನಿಗೆ ಹೆಚ್ಚು ಸ್ಪಂದಿಸುತ್ತದೆ ಕೂಡ. ಆದ್ದರಿಂದಲೇ ವಾರಕ್ಕೊಮ್ಮೆ ದಣಿಯುವಷ್ಟು ಶ್ರಮಿಸುವುದಕ್ಕಿಂತ, ಎರಡು ದಿನಕ್ಕಿಂತ ಹೆಚ್ಚು ಬಿಡುವು ಕೊಡದೆ ನಿತ್ಯವೂ ಅಷ್ಟಷ್ಟು ಶ್ರಮಿಸುವುದನ್ನು ವೈದ್ಯರು ಹೇಳುತ್ತಾರೆ. ದೇಹದಲ್ಲಿ ಅತ್ಯಂತ ದೊಡ್ಡ ಸ್ನಾಯುಗಳಿರುವುದು ತೊಡೆ ಮತ್ತು ನಿತಂಬಗಳಲ್ಲಿ. ಸೈಕಲ್ ತುಳಿಯುವಾಗ ದುಡಿಯುವವು ಅವೇ. ದೇಹದ ಭಾರವನ್ನು ಸೀಟು ಹೊರುವುದರಿಂದ ಮೊಣಕಾಲಿಗೆ ಹೊಡೆತವೂ ಕಡಿಮೆ.

ಸಾಧಕನ ಸೈಕಲ್ಲಿಗೆ ಕೆಲವು ವಿಶೇಷ ತೊಡಕುಗಳಿವೆ. ಮೊದಲನೆಯದು ಧೋತರ. ಅದು ಚೈನಿಗೆ ಸಿಕ್ಕರೆ ಎಣ್ಣೆಯ ಕರೆ ಹತ್ತುವುದಷ್ಟೇ ಅಲ್ಲ, ಸವಾರ ನೆಲಕ್ಕೆ ಬೀಳುತ್ತಾನೆ. ನಡುವಿನ ಅಡ್ಡಪೈಪಿರುವ ಸೈಕಲ್ಲಿಗೆ ಧೋತರ ಉಟ್ಟು ಹತ್ತಿಳಿಯುವುದೂ ಪ್ರಯಾಸ. ಹೀಗಾಗಿ ಪೂರ್ಣ ಚೈನ್ ಕವರ್ ಇರುವ, ಅಡ್ಡಪೈಪಿಲ್ಲದ, ಅಂಗಡಿಯವರು ಲೇಡೀಸ್ ಸೈಕಲ್ ಎಂದು ಕರೆಯುವ ಸೈಕಲ್ಲನ್ನೇ ತೆಗೆದುಕೊಂಡೆನು. ಊರಿನ ಹುಡುಗರು ಒಂದು ವಾರ ನಕ್ಕರು, ಆಮೇಲೆ ಮರೆತರು. ಎರಡನೆಯದು ಇಷ್ಟಲಿಂಗ. ಶಿವದಾರ ಸಡಿಲವಾಗಿದ್ದರೆ ಮುಂದೆ ಬಾಗಿ ತುಳಿಯುವಾಗ ಕರಡಿಗೆ ತೂಗಾಡಿ ಹ್ಯಾಂಡಲ್ಲಿಗೆ ಬಡಿಯುತ್ತದೆ. ದಾರವನ್ನು ಗಿಡ್ಡಗೊಳಿಸಿ, ಮೇಲೆ ಶಲ್ಯವನ್ನು ಅಡ್ಡಲಾಗಿ ಬಿಗಿದುಕೊಂಡರೆ ಲಿಂಗವು ಎದೆಯ ಮೇಲೆಯೇ ನೆಲೆಗೊಳ್ಳುತ್ತದೆ.

ಇನ್ನು ದಾರಿ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದ ಸೀಮೆ. ನೆಲ ಸಮತಟ್ಟು, ಏರು ಕಡಿಮೆ; ಸೈಕಲ್ಲಿಗೆ ಇದಕ್ಕಿಂತ ಅನುಕೂಲವಾದ ಭೂಮಿ ಸಿಗದು. ಆದರೆ ಶ್ರಾವಣದಲ್ಲಿ ಒಂದು ಮಳೆ ಬಿದ್ದರೆ ಎರೆಮಣ್ಣು ಗಾಲಿಗೆ ಮೆತ್ತಿ, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗದಂತಾಗುತ್ತದೆ. ಆಗ ಕಡ್ಡಿಯಿಂದ ಮಣ್ಣು ಕೆದರುತ್ತ ಸೈಕಲ್ಲನ್ನು ಹೆಗಲ ಮೇಲೆ ಹೊರಬೇಕು. ಸುಗ್ಗಿಯಲ್ಲಿ ಇನ್ನೊಂದು ಬಗೆ. ರಸ್ತೆಯ ಅರ್ಧಭಾಗದಲ್ಲಿ ಭತ್ತವನ್ನೋ ಜೋಳವನ್ನೋ ಒಣಹಾಕಿ ಅಂಚಿಗೆ ಕಲ್ಲುಗಳನ್ನಿಟ್ಟಿರುತ್ತಾರೆ. ಕತ್ತಲಲ್ಲಿ ಆ ಕಲ್ಲು ಕಾಣುವುದಿಲ್ಲ. ಹತ್ತಿ ಹೇರಿದ ಟ್ರ್ಯಾಕ್ಟರ್ ಎದುರಿಗೆ ಬಂದರೆ ಅದರ ಹೇರು ರಸ್ತೆಯ ಎರಡೂ ಅಂಚಿಗೆ ಚಾಚಿರುತ್ತದೆ. ಬೆಳಕು ಹರಿದ ಮೇಲೆಯೇ ಹೊರಡುವುದು, ಹಿಂಬದಿಗೆ ಕೆಂಪು ಪ್ರತಿಫಲಕ ಹಾಕಿಸುವುದು, ಕಾವಿಯ ಮೇಲೆ ಬಿಳಿಯ ಶಲ್ಯ ಹೊದೆಯುವುದು ನನಗೆ ಈಗ ರೂಢಿಯಾಗಿದೆ.

ಸೈಕಲ್ಲಿನ ಮೇಲೆ ಮಂತ್ರಜಪ ಸಲ್ಲುವುದೇ ಎಂದು ಸಹಸಾಧಕರು ಕೇಳುವುದುಂಟು. ಕಾಲುವೆಯ ದಂಡೆಯ ಮೇಲಿನ ನಿರ್ಜನ ದಾರಿಯಲ್ಲಿ ಸಲ್ಲುತ್ತದೆ. ಪೆಡಲಿನ ತಿರುವಿಗೆ ಉಸಿರು ಹೊಂದಿಕೊಳ್ಳುತ್ತದೆ, ಉಸಿರಿಗೆ ಷಡಕ್ಷರಿ ಹೊಂದಿಕೊಳ್ಳುತ್ತದೆ. ಹತ್ತು ನಿಮಿಷಗಳಲ್ಲಿ ಮನಸ್ಸಿನ ಗಜಿಬಿಜಿ ಇಳಿದು ಎರಡೂ ಬದಿಯ ಗದ್ದೆಯ ಹಸಿರು ಮಾತ್ರ ಉಳಿಯುತ್ತದೆ. ಲಾರಿಗಳು ಓಡಾಡುವ ರಸ್ತೆಯಲ್ಲಿ ಮಾತ್ರ ನಾನು ಜಪ ಮಾಡುವುದಿಲ್ಲ. ಅಲ್ಲಿ ಕಣ್ಣು, ಕಿವಿಗಳು ರಸ್ತೆಗೇ ಮೀಸಲಾಗಿರಬೇಕು. ಪೂಜೆಯಲ್ಲಿ ಕಣ್ಣು ಲಿಂಗದಿಂದ ಸರಿಯಬಾರದೆಂದು ಕಲಿಸಿದ ಗುರುಗಳು ರಸ್ತೆಯಲ್ಲಿ ಕಣ್ಣು ಮುಚ್ಚಲು ಹೇಳಿಲ್ಲ. ಮಂತ್ರವು ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಶ್ರಮ ಹದವಾಗಿದೆಯೇ ಎಂದು ತಿಳಿಯಲು ಯಂತ್ರ ಬೇಕಾಗಿಲ್ಲ. ತುಳಿಯುತ್ತ ಮಂತ್ರವನ್ನು ಗಟ್ಟಿಯಾಗಿ ಉಚ್ಚರಿಸಬಲ್ಲೆವು, ಆದರೆ ರಾಗವೆತ್ತಿ ವಚನ ಹಾಡಲಾರೆವು ಎಂಬ ಸ್ಥಿತಿಯಿದ್ದರೆ ಅದೇ ಮಧ್ಯಮ ಶ್ರಮ. ಹಾಡಲು ಸಾಧ್ಯವಾದರೆ ತುಸು ಬೇಗ ತುಳಿಯಬೇಕು. ಮಂತ್ರವೇ ತುಂಡಾಗುತ್ತಿದ್ದರೆ ನಿಧಾನಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳಷ್ಟು ಇಂಥ ಶ್ರಮ ಬೇಕು. ದಿನಕ್ಕೆ ಅರ್ಧ ತಾಸಿನಂತೆ ಐದು ದಿನ ತುಳಿದರೆ ಅದರ ಕೆಳಮಿತಿ ತುಂಬುತ್ತದೆ.

ಪಾದಯಾತ್ರೆಯ ಪುಣ್ಯ ಸೈಕಲ್ಲಿಗೆ ಉಂಟೇ ಎಂಬ ಪ್ರಶ್ನೆಯೂ ಬರುತ್ತದೆ. ಯುಗಾದಿಯ ಮುಂಚೆ ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಮಲ್ಲಯ್ಯನ ಭಕ್ತರು ಕಂಬಿ ಹೊತ್ತು ನಮ್ಮ ಜಿಲ್ಲೆಯನ್ನು ಹಾದು ಶ್ರೀಶೈಲಕ್ಕೆ ನಡೆದುಹೋಗುತ್ತಾರೆ. ದಾರಿಯ ಹಳ್ಳಿಗಳವರು ಅವರಿಗೆ ನೀರು, ಮಜ್ಜಿಗೆ, ಪ್ರಸಾದ ಕೊಟ್ಟು, ಬೊಬ್ಬೆ ಬಂದ ಕಾಲಿಗೆ ಎಣ್ಣೆ ತಿಕ್ಕಿ ಕಳಿಸುತ್ತಾರೆ. ಆ ನಡಿಗೆಯ ಸ್ಥಾನ ಬೇರೆ. ಅದರೊಡನೆ ಸೈಕಲ್ಲನ್ನು ಹೋಲಿಸಲು ನಾನು ಒಪ್ಪುವುದಿಲ್ಲ. ನಿತ್ಯದ ಕೆಲಸಕ್ಕೆ ಮಾತ್ರ ಸೈಕಲ್ಲಿನ ಉಪಯೋಗ ದೊಡ್ಡದು. ಅಷ್ಟೇ ದೂರವನ್ನು ನಡೆಯಲು ಬೇಕಾಗುವ ಶಕ್ತಿಯ ಐದನೆಯ ಒಂದು ಪಾಲಿನಲ್ಲಿ ಸೈಕಲ್ಲು ಮನುಷ್ಯನನ್ನು ಸಾಗಿಸುತ್ತದೆ. ಕಂತಿಭಿಕ್ಷೆಯ ಜಂಗಮನು ಒಂದು ದಿನದಲ್ಲಿ ಮುಟ್ಟುತ್ತಿದ್ದ ಹಳ್ಳಿಗಳನ್ನು ಒಂದು ಮುಂಜಾನೆಯಲ್ಲಿ ಮುಟ್ಟಿ, ಹತ್ತು ಗಂಟೆಯ ಪಾಠಕ್ಕೆ ಹಿಂದಿರುಗಬಹುದು.

ಭಕ್ತರಿಗೆ ಇದು ಸುಲಭವಾಗಿ ಒಪ್ಪಿಗೆಯಾಗಲಿಲ್ಲ. ಮೊದಲ ಶ್ರಾವಣದಲ್ಲಿ ಒಂದು ಹಳ್ಳಿಯ ಹಿರಿಯರು ಅಗಸಿಯ ಹತ್ತಿರವೇ ತಡೆದು ನಿಲ್ಲಿಸಿದರು.

“ದೇವರು ಹಿಂಗ ಸೈಕಲ್ ಮ್ಯಾಲ ಬಂದ್ರ ಮಂದಿ ನಮಗ ಏನಂತಾರ್ರಿ? ಒಂದು ಗಾಡಿ ಕಳಸಾಕ ಆಗಲಿಲ್ಲೇನು ಇವರಿಗೆ ಅಂತಾರ. ನಾಳಿಂದ ನಮ್ಮ ಹುಡುಗ ಕಾರ್ ತರ್ತಾನ.”

“ಕಾರ್ ಬ್ಯಾಡ್ರಿ ಯಜಮಾನ್ರೇ. ಹುಡುಗನ್ನ ಸೈಕಲ್ ಕೊಟ್ಟು ಕಳಸ್ರಿ. ಕೂಡಿ ಬರ್ತೀವಿ.”

ಅವರಿಗೆ ಅದು ಹಾಸ್ಯವಾಗಿ ಕಂಡಿತು. ಅವರ ಮಾತಿನಲ್ಲಿದ್ದದ್ದು ನನ್ನ ಮೇಲಿನ ಗೌರವ. ಆ ಗೌರವವೇ ಸ್ವಾಮಿಗಳನ್ನು ಕಾರಿನ ಸೀಟಿಗೂ ಗದ್ದುಗೆಗೂ ಕಟ್ಟಿಹಾಕುತ್ತದೆ ಎಂಬುದನ್ನು ಹೇಗೆ ಹೇಳಬೇಕು? ಹುಡುಗ ಸೈಕಲ್ ತರಲಿಲ್ಲ. ಆದರೆ ಮೂರನೆಯ ಸೋಮವಾರದ ಹೊತ್ತಿಗೆ ಕಾರಿನ ಮಾತು ನಿಂತಿತ್ತು. ವಿಜಯಪುರ, ಬಾಗಲಕೋಟೆಗಳ ಹಳ್ಳಿಯ ಮಕ್ಕಳು ಸೈಕಲ್ ತುಳಿದು ರಾಷ್ಟ್ರಮಟ್ಟದ ಪದಕ ಗೆದ್ದು ತಂದಾಗ ಮೆರವಣಿಗೆ ಮಾಡುವ ನಾಡು ನಮ್ಮದು. ಆ ಗೌರವದಲ್ಲಿ ಒಂದಿಷ್ಟು ಪಾಲು ಕಾವಿಯವನಿಗೂ ದೊರೆತರೆ ತಪ್ಪಾಗದು.

ಕಾರಿಗಿಂತ ಕಠಿಣವಾದದ್ದು ಹುಗ್ಗಿ. ಗೋಧಿ, ಬೆಲ್ಲ, ಕೊಬ್ಬರಿ, ಗಸಗಸೆ ಕೂಡಿಸಿ ಕುದಿಸಿದ ಹುಗ್ಗಿಯ ಮೇಲೆ ತುಪ್ಪ ಸುರಿದು ಮುಂದಿಟ್ಟಾಗ ಅದು ತಾಯಂದಿರ ಭಕ್ತಿಯೇ ಮೂರ್ತಿಯಾಗಿ ಬಂದಂತಿರುತ್ತದೆ. ಹೋಳಿಗೆ, ಮಾದಲಿಗಳದೂ ಅದೇ ಕಥೆ. ಪ್ರಸಾದವನ್ನು ತಟ್ಟೆಯಲ್ಲಿ ಬಿಡುವಂತಿಲ್ಲ. ಒಂದೇ ದಿನ ಮೂರು ಮನೆಗಳಲ್ಲಿ ಪಾದಪೂಜೆಯಾದರೆ ಮೂರು ಮನೆಯ ಹುಗ್ಗಿ. ಲೆಕ್ಕ ನೋಡಿ: ನೂರು ಗ್ರಾಂ ಬೆಲ್ಲದಲ್ಲಿ ಸುಮಾರು 380 ಕ್ಯಾಲೊರಿ ಇದೆ. ಊಟದ ದೊಡ್ಡ ಚಮಚದ ಒಂದು ಅಳತೆ ತುಪ್ಪದಲ್ಲಿ ಸುಮಾರು 130. ಅರವತ್ತು ಕಿಲೋ ತೂಕದವನು ಒಂದು ತಾಸು ಹದವಾಗಿ ಸೈಕಲ್ ತುಳಿದರೆ ವ್ಯಯವಾಗುವುದು ಸುಮಾರು 300. ಬೆಳಗಿನ ಸವಾರಿಯ ಗಳಿಕೆಯನ್ನು ಮೊದಲನೆಯ ಮನೆಯ ತಟ್ಟೆಯೇ ತೀರಿಸಿಬಿಡುತ್ತದೆ, ಉಳಿದೆರಡು ಮನೆಗಳದು ಸಾಲ. ಸೈಕಲ್ಲು ಸಕ್ಕರೆಯನ್ನು ಹಿಡಿತದಲ್ಲಿಡಲು ಸಹಾಯಕವೇ ಹೊರತು, ಎಷ್ಟು ಬೇಕಾದರೂ ಉಣ್ಣಲು ಕೊಟ್ಟ ಅಪ್ಪಣೆಯಲ್ಲ.

ಬೇಡವೆಂದಾಗ ಬರುವ ಪ್ರಶ್ನೆ ನೇರವಾದದ್ದು: “ನಮ್ಮ ಮನಿ ಹುಗ್ಗಿ ಮುಟ್ಟಲಿಲ್ಲಂದ್ರ ನಮ್ಮಿಂದ ಏನ್ ತಪ್ಪಾತ್ರಿ ದೇವರೇ?” ಕೇಳುವವರ ಕಣ್ಣಲ್ಲಿ ನೀರಿರುತ್ತದೆ. ಇದಕ್ಕೆ ಉತ್ತರ ಹುಡುಕುತ್ತ ಹೋದಾಗ ನನಗೆ ನೆನಪಾದವರು ನಮ್ಮ ಜಿಲ್ಲೆಯವರೇ ಆದ ಶರಣದಂಪತಿಗಳು. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮನವರು ಲಿಂಗಸುಗೂರು ಸೀಮೆಯ ಅಮರೇಶ್ವರದವರೆಂಬುದು ಪರಂಪರೆಯ ಮಾತು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಸಂತೋಷಪಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಮರಳಿ ಕಳಿಸಿದರು. ದಾಸೋಹಕ್ಕೆಂದೇ ತಂದ ಅಕ್ಕಿ ಅದು, ಸ್ವಂತಕ್ಕಲ್ಲ. ಆದರೂ ಮಿತಿ ಮೀರಿದ್ದು ಅವರಿಗೆ ಸಲ್ಲಲಿಲ್ಲ. ಈ ಪ್ರಸಂಗವನ್ನು ನಾನು ಪ್ರವಚನದಲ್ಲಿ ಹೇಳಿದ ಮರುದಿನ, ಹಿಂದಿನ ವಾರ ಕಣ್ಣೀರಿಟ್ಟಿದ್ದ ತಾಯಿಯವರೇ ಸಣ್ಣ ಬಟ್ಟಲಲ್ಲಿ ಒಂದು ಚಮಚ ಹುಗ್ಗಿ ತಂದಿಟ್ಟು, “ಲಕ್ಕಮ್ಮನ ಅಳತಿರಿ” ಎಂದರು. ಉಳಿದದ್ದು ಓಣಿಯ ಮಕ್ಕಳ ಪಾಲಾಯಿತು. ಈಗ ಬಹಳ ಮನೆಗಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ, ಹೆಸರುಕಾಳು, ಮಜ್ಜಿಗೆ ಪ್ರಸಾದವಾಗಿ ಬರುತ್ತವೆ. ರೊಟ್ಟಿಯೂ ಅಳತೆ ಮೀರಿದರೆ ಸಕ್ಕರೆಯೇ ಎಂಬುದನ್ನು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಈ ಲೇಖನದಲ್ಲಿ ಹೇಳಿಬಿಟ್ಟಿದ್ದೇನೆ.

ಸೈಕಲ್ ಹಿಡಿಯಬೇಕೆನ್ನುವ ಭಕ್ತರಿಗೆ, ವಿಶೇಷವಾಗಿ ನಲವತ್ತು ದಾಟಿದವರಿಗೆ, ಮೊದಲು ವೈದ್ಯರ ತಪಾಸಣೆಯಾಗಲಿ. ನಡೆಯುವಾಗ ಎದೆ ಹಿಡಿಯುವವರು, ಉಸಿರು ಕಟ್ಟುವವರು ತಾವಾಗಿ ಆರಂಭಿಸಬಾರದು. ಸೀಟಿನ ಎತ್ತರವನ್ನು ಹೊಂದಿಸುವ ಕ್ರಮ ಸರಳ: ಸೀಟಿನ ಮೇಲೆ ಕುಳಿತು ಹಿಮ್ಮಡಿಯನ್ನು ಕೆಳಗಿರುವ ಪೆಡಲಿನ ಮೇಲಿಟ್ಟರೆ ಕಾಲು ನೇರವಾಗಬೇಕು, ಆಗ ಮುಂಗಾಲಿನಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರುತ್ತದೆ. ನಮ್ಮ ಕಡೆ ನೆಲಕ್ಕೆ ಪೂರ್ಣ ಪಾದ ತಾಗಲೆಂದು ಸೀಟನ್ನು ತೀರ ಕೆಳಗಿಳಿಸುತ್ತಾರೆ, ಆಮೇಲೆ ಮೊಣಕಾಲು ನೋಯುತ್ತದೆಂದು ಸೈಕಲ್ಲನ್ನು ದೂರುತ್ತಾರೆ. ಕುಳಿತ ಭಾಗದಲ್ಲಿ ಜೋಮು ಬಂದರೆ ಇಳಿದು ನಡೆಯಬೇಕು, ಸೀಟಿನ ಮೂಗು ಮೇಲೆದ್ದಿದೆಯೇ ಎಂದು ನೋಡಬೇಕು. ಸೈಕಲ್ಲಿನಿಂದ ಎಲುಬು ಗಟ್ಟಿಯಾಗುವುದು ಕಡಿಮೆ. ಅದಕ್ಕೆ ನಡಿಗೆಯೂ ಭಾರ ಎತ್ತುವ ಕೆಲಸವೂ ಬೇಕು.

ಮಧುಮೇಹಕ್ಕೆ ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರ ವಿಷಯದಲ್ಲಿ ಒಂದು ಮಾತು ಮುಖ್ಯ. ಪೂಜೆಗೆ ಮುಂಚೆ ಏನನ್ನೂ ಸೇವಿಸದ ನಿಯಮ ನಮ್ಮಲ್ಲಿ ಅನೇಕರಿಗಿದೆ. ಖಾಲಿ ಹೊಟ್ಟೆಯಲ್ಲಿ ಸೈಕಲ್ ತುಳಿದರೆ ಅಂಥವರ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಅವರು ಮೊದಲು ಪೂಜೆ ಮುಗಿಸಿ, ಅಲ್ಪ ಪ್ರಸಾದ ಸ್ವೀಕರಿಸಿ, ಆಮೇಲೆ ಹೊರಡಲಿ. ಜೇಬಿನಲ್ಲಿ ಬೆಲ್ಲದ ಹರಳಿರಲಿ. ಕೈ ನಡುಗಿ, ಬೆವರು ಸುರಿದು, ಕಣ್ಣು ಮಂಜಾದರೆ ತಕ್ಷಣ ಇಳಿದು ಬೆಲ್ಲ ತಿನ್ನಬೇಕು, ಪೂಜೆಯಾಗಿಲ್ಲವೆಂದು ತಡೆಯಬಾರದು.

ರಾಯಚೂರಿನ ಬೇಸಿಗೆಯನ್ನು ಬಲ್ಲವರಿಗೆ ಬಿಸಿಲಿನ ಬಗ್ಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪ 40 ಡಿಗ್ರಿ ದಾಟುತ್ತದೆ. ಆಗ ಬೆಳಗಿನ ಎಂಟರೊಳಗೆ ಸವಾರಿ ಮುಗಿದಿರಬೇಕು. ಬಾಯಾರುವ ಮುನ್ನವೇ ನೀರು, ಉಪ್ಪು ಹಾಕಿದ ತೆಳುಮಜ್ಜಿಗೆ ಕುಡಿಯಬೇಕು. ಹೆಚ್ಚು ಬೆವರಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿದ ಪಾನೀಯ ಒಳ್ಳೆಯದು. ಮಧುಮೇಹಿಗಳೂ ರಕ್ತದೊತ್ತಡವುಳ್ಳವರೂ ಇದನ್ನು ವೈದ್ಯರನ್ನು ಕೇಳಿಯೇ ಕುಡಿಯಲಿ. ಮೈ ಕಾದು, ಮಾತು ತೊದಲಿ, ಗೊಂದಲಗೊಂಡವನನ್ನು ಕಂಡರೆ ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತ, 108ಕ್ಕೆ ಕರೆ ಮಾಡಬೇಕು. ಅರಿವು ತಪ್ಪಿದವನ ಬಾಯಿಗೆ ನೀರು ಹಾಕಬಾರದು.

ಪಾದಪೂಜೆಯ ಕ್ರಮದಲ್ಲಿಯೂ ಒಂದು ಸಣ್ಣ ಸೇರ್ಪಡೆಯನ್ನು ಕೇಳಿಕೊಂಡಿದ್ದೇನೆ. ನೀರು ಹಾಕಿ ತೊಳೆದ ಮೇಲೆ ಬೆರಳುಗಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸಿ, ಅಂಗಾಲು, ಹಿಮ್ಮಡಿಗಳನ್ನು ಕಣ್ಣಾರೆ ನೋಡಿ, ಆಮೇಲೆ ವಿಭೂತಿ, ಪತ್ರೆ, ಪುಷ್ಪ. ವಯಸ್ಸಾದ ಸ್ವಾಮಿಗಳಿಗೆ ಇದು ಹೆಚ್ಚು ಅವಶ್ಯ. ಕಳೆದ ಶ್ರಾವಣದಲ್ಲಿ ಹೀಗೆ ಪೂಜೆ ಮಾಡಿದ ಒಬ್ಬ ತಾಯಿ, ಅದೇ ಸಂಜೆ ತಮ್ಮ ಮಾವನವರ ಪಾದಗಳನ್ನೂ ದೀಪದ ಬೆಳಕಿನಲ್ಲಿ ನೋಡಿದರಂತೆ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯಿರುವ ಹಿರಿಯರು ಅವರು. ಎಡಗಾಲಿನ ಹಿಮ್ಮಡಿಯಲ್ಲಿ ಆಳವಾದ ಬಿರುಕಿತ್ತು, ಒಳಗೆ ಸಣ್ಣದೊಂದು ಕಲ್ಲುಹರಳು ಸಿಕ್ಕಿಕೊಂಡಿತ್ತು. ಮರುದಿನ ಮುಂಜಾನೆ ಮೊದಲ ಬಸ್ಸಿಗೆ ಮಾನ್ವಿಗೆ ಕರೆದುಕೊಂಡು ಹೋಗಿ ತೋರಿಸಿದರು. ಗಾಯ ಒಂದು ತಿಂಗಳಲ್ಲಿ ಮಾಯಿತು. ಆ ಹಿರಿಯರು ಈಗ ಹೊರಗೆ ಹೊರಟಾಗ ಸೊಸೆ ಚಪ್ಪಲಿಗಳನ್ನು ಮೊದಲು ಬೋರಲು ಮಾಡಿ ಜಾಡಿಸಿ ಕೊಡುತ್ತಾರೆ.